ಆರ್ ಭಾಷೆಯಲ್ಲಿ ಆರ್ಗ್ಯುಮೆಂಟಿನ ಮೌಲ್ಯ ಬೇಡ, ಬರೆದ ಪದವೇ ಬೇಕು: ಹೇಗೆ?

ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಫಂಕ್ಷನ್‌ಗೆ ಆರ್ಗ್ಯುಮೆಂಟಾಗಿ (ಅಂದರೆ ಕರೆಯುವಾಗ ಆವರಣದೊಳಗೆ) ‘ಲಾಗ್(ದರ)’ ಎಂದು ಕೊಟ್ಟರೆ, ಲೆಕ್ಕವಾಗಿ ಬಂದ ಸಂಖ್ಯೆಗಳಲ್ಲ, ‘ಲಾಗ್(ದರ)’ ಎಂಬ ಬರಹವೇ ಒಳಗೆ ಸಿಗಬೇಕು ಎಂದು ಕೇಳಿದ್ದೀರಿ. ಇದಕ್ಕೆ ಆರ್‌ನಲ್ಲೇ ಇರುವ ಸಬ್‌ಸ್ಟಿಟ್ಯೂಟ್ ಎಂಬ ಫಂಕ್ಷನ್ ಬಳಸಿ, ಅದೂ ಫಂಕ್ಷನ್ನಿನ ಮೊಟ್ಟಮೊದಲ ಸಾಲಿನಲ್ಲಿ. ತನ್ನೊಳಗೆ ಬರೆದದ್ದನ್ನು ಹಾಗೆಯೇ ಹಿಂದಿರುಗಿಸುವ ಕೋಟ್ ಇಲ್ಲಿ ಕೆಲಸಕ್ಕೆ ಬಾರದು. ಆ ಆರ್ಗ್ಯುಮೆಂಟಿಗೆ ಫಂಕ್ಷನ್ನಿನೊಳಗೆ ಎಕ್ಸ್ ಎಂದು ಹೆಸರಿದ್ದರೆ, ಕೋಟ್(ಎಕ್ಸ್) ಎಂದರೆ ‘ಎಕ್ಸ್’ ಎಂದಷ್ಟೇ ಸಿಗುತ್ತದೆ.

ಮೊದಲ ಸಾಲು ಎಂದು ಒತ್ತಿ ಹೇಳಲು ಕಾರಣವಿದೆ. ಧಾರವಾಡದಲ್ಲಿ ಓದುತ್ತಿದ್ದಾಗ ಬ್ಯಾಡಗಿ ಮಾರುಕಟ್ಟೆಯ ಡಬ್ಬಿ, ಕಡ್ಡಿ ಮೆಣಸಿನಕಾಯಿ ದರಗಳ ನಕ್ಷೆ ಬಿಡಿಸಲು ಫಂಕ್ಷನ್ ಬರೆದಿದ್ದೆ. ಮೊದಲ ಸಾಲಿನಲ್ಲಿ ದರ ದಾಖಲಾಗದ ದಿನಗಳನ್ನು ತೆಗೆದು, ಉಳಿದದ್ದನ್ನು ಮತ್ತೆ ಎಕ್ಸ್‌ಗೇ ತುಂಬಿದೆ. ಎರಡನೆಯ ಸಾಲು ಡಿಪಾರ್ಸ್(ಸಬ್‌ಸ್ಟಿಟ್ಯೂಟ್(ಎಕ್ಸ್)); ಹಿಡಿದ ಬರಹವನ್ನು ಶೀರ್ಷಿಕೆಗೆ ಹಾಕಬಹುದಾದ ಪಠ್ಯವಾಗಿ ಬದಲಿಸುವುದು ಡಿಪಾರ್ಸ್. ನಕ್ಷೆಯ ನೆತ್ತಿಯ ಮೇಲೆ ‘ಲಾಗ್(ಡಬ್ಬಿ)’ ಬರಬೇಕಾದಲ್ಲಿ ದಶಮಾಂಶ ಸಂಖ್ಯೆಗಳು ಸಾಲುಸಾಲಾಗಿ ಸುರಿದವು. ಒಂದು ಸಂಜೆ ಪೂರ್ತಿ ಅದಕ್ಕೇ ಹೋಯಿತು.

ಆರ್ ತನ್ನ ಆರ್ಗ್ಯುಮೆಂಟನ್ನು ಬೇಕಾಗುವ ತನಕ ಲೆಕ್ಕ ಹಾಕುವುದಿಲ್ಲ. ‘ಪ್ರಾಮಿಸ್’ ಆಗಿ ಇಟ್ಟುಕೊಳ್ಳುತ್ತದೆ. ಅದರಲ್ಲಿ ನೀವು ಬರೆದ ಬರಹ, ಅದನ್ನು ಲೆಕ್ಕ ಹಾಕಬೇಕಾದ ಪರಿಸರ (ಹೆಸರುಗಳ ಮೌಲ್ಯ ಹುಡುಕುವ ಜಾಗ), ಲೆಕ್ಕವಾದ ಮೇಲೆ ಮೌಲ್ಯ ಇರುತ್ತವೆ. ಸಬ್‌ಸ್ಟಿಟ್ಯೂಟ್ ಬರಹವನ್ನು ಎತ್ತಿಕೊಡುತ್ತದೆ. ಎಕ್ಸ್ ಅನ್ನು ಒಮ್ಮೆ ಬಳಸಿದರೆ ಬರಹ ಅಳಿಸಿಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ, ಅದು ತಪ್ಪು. ಚೀಲ ಬಿಚ್ಚಿ ಕಾಯಿ ನೋಡಿದ ಮಾತ್ರಕ್ಕೆ ಅದಕ್ಕೆ ಕಟ್ಟಿದ ಚೀಟಿ ಎಲ್ಲಿಯೂ ಹೋಗುವುದಿಲ್ಲ. ಕಾಯಿಯನ್ನು ಬೇರೆ ಚೀಲಕ್ಕೆ ಸುರಿದಾಗ ಮಾತ್ರ ಚೀಟಿ ಹಿಂದೆ ಉಳಿಯುತ್ತದೆ. ಎಕ್ಸ್‌ಗೆ ಹೊಸ ಮೌಲ್ಯ ತುಂಬುವುದೆಂದರೆ ಹೀಗೆ ಸುರಿಯುವುದೇ.

ಇನ್ನೊಂದು ಕಡೆ ಎಡವುವ ಸಂಭವವಿದೆ. ನಿಮ್ಮ ಫಂಕ್ಷನ್ ತನ್ನ ಎಕ್ಸ್ ಅನ್ನು ಮತ್ತೊಂದು ಫಂಕ್ಷನ್‌ಗೆ ದಾಟಿಸಿದರೆ, ಒಳಗಿನದಕ್ಕೆ ‘ಎಕ್ಸ್’ ಎಂಬ ಹೆಸರಷ್ಟೇ ಕಾಣುತ್ತದೆ, ‘ಲಾಗ್(ಡಬ್ಬಿ)’ ಕಾಣುವುದಿಲ್ಲ. ಹೊರಗಿನ ಫಂಕ್ಷನ್ನಿನಲ್ಲೇ ಬರಹವನ್ನು ಹಿಡಿದು, ಬೇರೆ ಆರ್ಗ್ಯುಮೆಂಟಾಗಿ ಒಳಗೆ ಕಳುಹಿಸಿ.

ಶೀರ್ಷಿಕೆಗೆ ಡಿಪಾರ್ಸ್ ಬದಲು ಡಿಪಾರ್ಸ್1 ಒಳ್ಳೆಯದು. ಬರಹ ಉದ್ದವಾದರೆ ಡಿಪಾರ್ಸ್ ಅದನ್ನು ಹಲವು ತುಂಡು ಮಾಡುತ್ತದೆ, ಡಿಪಾರ್ಸ್1 ಒಂದೇ ಸಾಲು ಕೊಡುತ್ತದೆ. ಆದರೆ ಅದಕ್ಕೆ ಆರ್‌ನ, 2020ರಲ್ಲಿ ಬಂದ 4.0.0 ಅಥವಾ ನಂತರದ ಆವೃತ್ತಿ ಬೇಕು. ಎಲ್ಲ ಆರ್ಗ್ಯುಮೆಂಟುಗಳ ಬರಹವೂ ಒಟ್ಟಿಗೆ ಬೇಕಾದರೆ ಮ್ಯಾಚ್.ಕಾಲ್ ಇದೆ. ಹಿಡಿದ ಬರಹವನ್ನು ಮುಂದೆ ಕೋಷ್ಟಕದೊಳಗೆ ಲೆಕ್ಕ ಹಾಕುವುದಿದ್ದರೆ ಲೆಕ್ಕ ಹಾಕುವ ಫಂಕ್ಷನ್ನಾದ ಇವಾಲ್‌ಗೆ ಕೋಷ್ಟಕದ ಜೊತೆ ಪೇರೆಂಟ್.ಫ್ರೇಮ್() ಅನ್ನೂ, ಅಂದರೆ ನಿಮ್ಮ ಫಂಕ್ಷನ್ನನ್ನು ಕರೆದವರ ಪರಿಸರವನ್ನೂ ಕೊಡಿ. ಇಲ್ಲದಿದ್ದರೆ ಕೋಷ್ಟಕದಲ್ಲಿ ಇಲ್ಲದ ಹೆಸರನ್ನು ಅದು ನಿಮ್ಮ ಫಂಕ್ಷನ್ನಿನ ಒಳಗೇ ಮೊದಲು ಹುಡುಕುತ್ತದೆ, ಕರೆದವರ ಬಳಿ ಅಲ್ಲ.