ಅಂಗಳದ ಅಡಿಕೆ ಹೋಯಿತು, ತಮ್ಮನಿಗೆ ಪೆಟ್ಟೂ ಬಿತ್ತು: ಇದು ಕಳವೋ, ಸುಲಿಗೆಯೋ?

ಪ್ರಶ್ನೆ: ಅಂಗಳದಲ್ಲಿ ಒಣಹಾಕಿ ಚೀಲ ತುಂಬಿಟ್ಟಿದ್ದ ಚಾಲಿ ಅಡಿಕೆಯಲ್ಲಿ ಎರಡು ಚೀಲವನ್ನು ರಾತ್ರಿ ಇಬ್ಬರು ಹೊತ್ತೊಯ್ದರು. ತಡೆಯಲು ಹೋದ ತಮ್ಮನ ಕೈಗೆ ದೊಣ್ಣೆಯಿಂದ ಹೊಡೆದಿದ್ದಾರೆ. ಎಫ್‌ಐಆರ್‌ನಲ್ಲಿ ಬರೀ ಕಳವು ಎಂದಿದೆ. ಇದು ಸರಿಯೇ?
– ಶಿರಸಿ ತಾಲೂಕಿನ ಓದುಗರು

ಉತ್ತರ: ಹೊಡೆದದ್ದು ಯಾವಾಗ, ಯಾತಕ್ಕೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಪ್ರಕಾರ, ಒಬ್ಬರ ಸ್ವಾಧೀನದಲ್ಲಿರುವ ಚರ ಸ್ವತ್ತನ್ನು ಅವರ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ ಅಲುಗಿಸಿದರೂ ಕಳವು. ಮರದಲ್ಲಿರುವ ಅಡಿಕೆ ಗೊನೆ ಚರ ಸ್ವತ್ತಲ್ಲ, ಕೊಯ್ದ ಕ್ಷಣದಿಂದ ಹೌದು. ಶಿಕ್ಷೆ 3 ವರ್ಷದವರೆಗೆ. ಅದೇ ಅಡಿಕೆ ಮನೆಯ ಅಟ್ಟದಲ್ಲೋ ಗೋದಾಮಿನಲ್ಲೋ ಇದ್ದಿದ್ದರೆ 305ನೇ ಕಲಂ ಬಂದು ಶಿಕ್ಷೆ 7 ವರ್ಷದವರೆಗೆ ಏರುತ್ತಿತ್ತು. ತೆರೆದ ಅಂಗಳ ಕಟ್ಟಡವಲ್ಲ.

ಕಳವು ಮಾಡುವುದಕ್ಕೆ ಅಥವಾ ಕದ್ದದ್ದನ್ನು ಒಯ್ಯುವುದಕ್ಕೆ ಗಾಯ ಮಾಡಿದರೆ, ಅಡ್ಡಗಟ್ಟಿದರೆ, ಈಗಲೇ ಹೊಡೆಯುವ ಭಯ ಹುಟ್ಟಿಸಿದರೆ ಅದು 309ನೇ ಕಲಂನ ಸುಲಿಗೆ. ಶಿಕ್ಷೆ 10 ವರ್ಷದವರೆಗೆ ಕಠಿಣ ಸಜೆ. ಗಾಯವೇ ಆಗಿದ್ದರೆ 309(6) ಅನ್ವಯಿಸಿ ಜೀವಾವಧಿಯವರೆಗೂ ಹೋಗಬಹುದು. ಚೀಲ ಹೆಗಲಲ್ಲಿದ್ದಾಗಲೇ, ಬಿಡಿಸಿಕೊಳ್ಳಲು ಬಂದ ನಿಮ್ಮ ತಮ್ಮನಿಗೆ ಹೊಡೆದು ಅಡಿಕೆ ಒಯ್ದಿದ್ದರೆ ಇದು ಸುಲಿಗೆಯೇ. ಚೀಲವನ್ನು ಅಲ್ಲೇ ಬಿಸಾಡಿ, ಸಿಕ್ಕಿಬೀಳದಿರಲೆಂದು ಹೊಡೆದು ಓಡಿದ್ದರೆ ಸುಲಿಗೆ ನಿಲ್ಲುವುದಿಲ್ಲ. ಆ ಪೆಟ್ಟು ಒಯ್ಯುವುದಕ್ಕಾಗಿ ಬಿದ್ದದ್ದಲ್ಲ. ಆಗ ಕಳವು ಮತ್ತು ಗಾಯ ಎರಡು ಬೇರೆ ಅಪರಾಧಗಳು. ಐದು ಅಥವಾ ಹೆಚ್ಚು ಜನ ಕೂಡಿ ಸುಲಿಗೆ ಮಾಡಿದ್ದರೆ ಡಕಾಯಿತಿ. ನಿಮ್ಮಲ್ಲಿ ಅದರ ಮಾತಿಲ್ಲ.

ದೂರುಗಳು ಸೋಲುವುದು ಹೆಚ್ಚಾಗಿ ಇಲ್ಲೇ. "ಅಡಿಕೆ ಕದ್ದು, ನಮ್ಮವರಿಗೆ ಹೊಡೆದು ಓಡಿದರು" ಎಂದಷ್ಟೇ ಬರೆದರೆ ಯಾವುದು ಮೊದಲು ಎಂದು ತಿಳಿಯುವುದಿಲ್ಲ. ತಮ್ಮ ಚೀಲ ಹಿಡಿದದ್ದು, ಹೊಡೆದದ್ದು, ಅವನು ಕೈ ಬಿಟ್ಟದ್ದು, ಅವರು ಹೊತ್ತು ಹೋದದ್ದು, ಎಲ್ಲಕ್ಕೂ ಸರಿಯಾದ ಅನುಕ್ರಮ ಇರಲಿ. ತನಿಖಾಧಿಕಾರಿಗೆ ತಮ್ಮನ ಹೇಳಿಕೆಯನ್ನು ಕೂಡಲೇ ಕೊಡಿಸಿ. ಅದರ ಆಧಾರದಲ್ಲಿ ಕಲಂ ಸೇರಿಸಲು ಅವರು ನ್ಯಾಯಾಲಯಕ್ಕೆ ವರದಿ ಮಾಡಬಹುದು. ತಡವಾದಷ್ಟೂ "ಮೊದಲು ಯಾಕೆ ಹೇಳಲಿಲ್ಲ" ಎಂಬ ಪಾಟೀಸವಾಲು ಕಾದಿರುತ್ತದೆ. ತಮ್ಮನನ್ನು ಇನ್ನೂ ಸರ್ಕಾರಿ ಆಸ್ಪತ್ರೆಗೆ ತೋರಿಸಿಲ್ಲದಿದ್ದರೆ ಇಂದೇ ಕರೆದೊಯ್ದು ಎಂಎಲ್‌ಸಿ (ಪೊಲೀಸ್ ಪ್ರಕರಣಕ್ಕಾಗಿ ವೈದ್ಯರು ಮಾಡುವ ಗಾಯದ ದಾಖಲೆ) ಮಾಡಿಸಿ. ಠಾಣೆ ಕದಲದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರಹದಲ್ಲಿ ಅಂಚೆ ಮೂಲಕ ಕಳುಹಿಸಿ, ನಂತರ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು.

ಅಡಿಕೆ ಗುರುತಿಸುವುದೇ ದೊಡ್ಡ ಕಷ್ಟ. ಚಾಲಿ ಯಾರದ್ದೆಂದು ನೋಡಿ ಹೇಳಲು ಯಾರಿಂದಲೂ ಆಗದು. ಆದ್ದರಿಂದ ಚೀಲದ ಮೇಲಿನ ಅಚ್ಚು, ಹೊಲಿಗೆ ದಾರದ ಬಣ್ಣ, ತೂಕ, ಹರಿದ ಮೂಲೆ, ಇವನ್ನು ಹೇಳಿಕೆಯಲ್ಲಿ ಬರೆಸಿ. ಮಾಲು ಸಿಕ್ಕರೆ, ಬೂಷ್ಟು ಹಿಡಿಯುವ ಮೊದಲೇ ಮಧ್ಯಂತರ ಸುಪರ್ದಿಗೆ, ಅಂದರೆ ಪ್ರಕರಣ ಮುಗಿಯುವ ಮೊದಲೇ ಮಾಲನ್ನು ನಿಮ್ಮ ವಶಕ್ಕೆ ಕೊಡುವಂತೆ, ನ್ಯಾಯಾಲಯಕ್ಕೆ ಅರ್ಜಿ ಹಾಕಿ. ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಂನಲ್ಲಿ ಫೋಟೊ, ವಿಡಿಯೊ ಮಾಡಿಸಿಕೊಂಡು ಮಾಲು ಮರಳಿಸಲು ಅವಕಾಶವಿದೆ.

ಪ್ರಶ್ನೆ: ನನ್ನ ದೋಣಿಯ ಎಂಜಿನ್ ಅನ್ನು ಎರಡು ತಿಂಗಳ ಮಟ್ಟಿಗೆ ಪರಿಚಯದವನಿಗೆ ಕೊಟ್ಟಿದ್ದೆ. ಮಾರಿಬಿಟ್ಟಿದ್ದಾನೆ. ಕಳ್ಳತನದ ದೂರು ಕೊಡಲೇ?
– ಕಾರವಾರದ ಓದುಗರು

ಉತ್ತರ: ನೀವೇ ಒಪ್ಪಿ ಕೊಟ್ಟದ್ದರಿಂದ ಕಳವು ಆಗದು. ನಂಬಿ ಒಪ್ಪಿಸಿದ್ದನ್ನು ತನ್ನದೆಂಬಂತೆ ಮಾರಿದರೆ ನಂಬಿಕೆ ದ್ರೋಹ, ನ್ಯಾಯ ಸಂಹಿತೆಯ ಕಲಂ 316, 5 ವರ್ಷದವರೆಗೆ ಶಿಕ್ಷೆ. ಪಡೆಯುವಾಗಲೇ ಮೋಸದ ಉದ್ದೇಶವಿತ್ತೆಂದು ತೋರಿಸಲು ಸಾಧ್ಯವಿದ್ದರೆ ವಂಚನೆ, ಕಲಂ 318. ಒಂದೇ ಸಂಗತಿಗೆ ಎರಡೂ ಒಟ್ಟಿಗೆ ನಿಲ್ಲುವುದಿಲ್ಲವೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟಪಡಿಸಿದೆ. ಎಂಜಿನ್ ಸಂಖ್ಯೆಯಿರುವ ಬಿಲ್ಲು, "ಇಂಥ ದಿನ ಮರಳಿಸುತ್ತೇನೆ" ಎಂಬ ವಾಟ್ಸ್ಆ್ಯಪ್ ಸಂದೇಶ, ಕೊಡುವಾಗ ಬಂದರಿನಲ್ಲಿ ಜೊತೆಗಿದ್ದವರ ಹೆಸರು, ಇವನ್ನು ದೂರಿನ ಜೊತೆ ಕೊಡಿ.