ತೆಳು ಪೊಟ್ಟಣ ಮತ್ತು ಸೂಕ್ಷ್ಮ ಪ್ಲಾಸ್ಟಿಕ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಯಲಿನಲ್ಲಿ ಬಿದ್ದ ಪ್ಲಾಸ್ಟಿಕ್ ಪೊಟ್ಟಣ ಬಿಸಿಲಿಗೆ ಪುಡಿಪುಡಿಯಾಗಿ ಮಣ್ಣಿನಲ್ಲಿ ಸೇರಿಹೋಗುತ್ತದೆ. ಅಲ್ಲಿಗೆ ಅದರ ತೊಂದರೆ ಮುಗಿಯಿತು ಎನ್ನಬಹುದೇ?

ಉತ್ತರ: ಮುಗಿಯುವುದಿಲ್ಲ. ಕಣ್ಣಿಗೆ ಕಾಣುತ್ತಿದ್ದಾಗ ಹೆಕ್ಕಿ ತೆಗೆಯಬಹುದಾಗಿದ್ದ ವಸ್ತು, ಪುಡಿಯಾದ ಮೇಲೆ ಯಾರ ಕೈಗೂ ಸಿಗದಂತಾಗುತ್ತದೆ, ಅಷ್ಟೇ. ಸೂರ್ಯನ ಅತಿನೇರಳೆ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳನ್ನು ತುಂಡರಿಸುತ್ತವೆ. ಹಾಳೆ ಬಾಗುವ ಗುಣ ಕಳೆದುಕೊಂಡು ಪೆಡಸಾಗುತ್ತದೆ, ಬಿರುಕುಬಿಡುತ್ತದೆ, ಗಾಳಿ, ಮರಳು, ಅಲೆಗಳ ಉಜ್ಜುವಿಕೆಗೆ ಚೂರಾಗುತ್ತದೆ. 5 ಮಿಲಿಮೀಟರಿಗಿಂತ ಚಿಕ್ಕದಾದ ಇಂತಹ ಚೂರುಗಳನ್ನು ಸೂಕ್ಷ್ಮ ಪ್ಲಾಸ್ಟಿಕ್ ಎಂದು ಕರೆಯಲಾಗುತ್ತದೆ. ಮಣ್ಣಿನೊಳಗೆ ಹೂತು ಹೋದ ಅಥವಾ ಸಮುದ್ರದ ಆಳಕ್ಕೆ ಇಳಿದ ಚೂರಿಗೆ ಬೆಳಕು ತಲುಪದಿರುವುದರಿಂದ ಈ ಒಡೆಯುವಿಕೆಯೂ ಬಹಳ ನಿಧಾನವಾಗಿ, ಅದು ಬಹುಕಾಲ ಹಾಗೆಯೇ ಉಳಿಯುತ್ತದೆ. ಬ್ರಿಟನ್ನಿನ ಸಾಗರ ವಿಜ್ಞಾನಿ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1960ರ ದಶಕದಿಂದ ಸಂಗ್ರಹಿಸಿಟ್ಟಿದ್ದ ಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು) ಮಾದರಿಗಳಲ್ಲಿಯೂ ಈ ಕಣಗಳಿದ್ದುದನ್ನು, ವರ್ಷಗಳು ಕಳೆದಂತೆ ಅವು ಹೆಚ್ಚುತ್ತ ಬಂದುದನ್ನು ತೋರಿಸಿದರು.

ಪೊಟ್ಟಣವೊಂದೇ ಇದಕ್ಕೆ ಕಾರಣವಲ್ಲ ಎಂಬುದನ್ನೂ ಹೇಳಬೇಕು. ವಾಹನಗಳ ಟಯರ್ ಸವೆತ ಮತ್ತು ಕೃತಕ ನೂಲಿನ ಬಟ್ಟೆಗಳ ಒಗೆತ ದೊಡ್ಡ ಮೂಲಗಳು. ಆದರೆ ಟಯರ್ ಸವೆಯದಂತೆ ತಡೆಯುವುದು ಕಷ್ಟ. ಪೊಟ್ಟಣ ಬಯಲಿಗೆ ಬೀಳದಂತೆ ತಡೆಯುವುದು ನಮ್ಮ ಕೈಯಲ್ಲಿರುವ ಕೆಲಸ.

ಪ್ರಶ್ನೆ: ಈ ಕಣಗಳು ರಕ್ತದಲ್ಲಿಯೂ ಇವೆ ಎಂದು ಓದಿ ಗಾಬರಿಯಾಗಿದೆ. ನಾವು ಎಷ್ಟು ಹೆದರಬೇಕು?

ಉತ್ತರ: ಮನುಷ್ಯರ ರಕ್ತದಲ್ಲಿ ಪ್ಲಾಸ್ಟಿಕ್ ಕಣಗಳಿರುವುದನ್ನು ನೆದರ್ಲೆಂಡ್ಸ್‌ನ ಸಂಶೋಧಕರು 2022ರಲ್ಲಿ ವರದಿ ಮಾಡಿದ್ದಾರೆ. 2024ರಲ್ಲಿ ಇಟಲಿಯ ವೈದ್ಯರ ತಂಡವೊಂದು, ಕುತ್ತಿಗೆಯ ರಕ್ತನಾಳದಿಂದ ಶಸ್ತ್ರಚಿಕಿತ್ಸೆಯ ಮೂಲಕ ತೆಗೆದ ಕೊಬ್ಬಿನ ಪದರದಲ್ಲಿ ಇಂತಹ ಕಣಗಳಿದ್ದ ರೋಗಿಗಳಿಗೆ, ಕಣಗಳಿಲ್ಲದವರಿಗಿಂತ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಹೆಚ್ಚಾಗಿ ಕಂಡುಬಂದಿತೆಂದು ಪ್ರಕಟಿಸಿತು. ಎರಡೂ ಒಟ್ಟಿಗೆ ಕಂಡುಬಂದವು ಎಂಬುದನ್ನು ಆ ಅಧ್ಯಯನ ಹೇಳುತ್ತದೆಯೇ ಹೊರತು, ಒಂದರಿಂದ ಇನ್ನೊಂದು ಉಂಟಾಯಿತು ಎಂದಲ್ಲ. ಗಾಬರಿಯಿಂದ ಪ್ರಯೋಜನವಿಲ್ಲ. ಆದರೆ ಒಮ್ಮೆ ಪರಿಸರಕ್ಕೆ ಸೇರಿದ ಕಣವನ್ನು ಮರಳಿ ಪಡೆಯುವ ದಾರಿ ಇಲ್ಲದಿರುವಾಗ, ಸಂಪೂರ್ಣ ಪುರಾವೆ ಸಿಗುವವರೆಗೆ ಕೈಕಟ್ಟಿ ಕುಳಿತುಕೊಳ್ಳುವುದು ವಿವೇಕವಲ್ಲವೆಂದು ನನ್ನ ದೃಢ ಅಭಿಪ್ರಾಯ.

ಪ್ರಶ್ನೆ: ಬಾಟಲಿಗಳನ್ನು ಕೊಳ್ಳುವ ಗುಜರಿಯವರು ಹೊಳೆಯುವ ತಿಂಡಿ ಪೊಟ್ಟಣಗಳನ್ನು ಮುಟ್ಟುವುದೂ ಇಲ್ಲ. ಅವುಗಳನ್ನು ಮರುಬಳಕೆ ಮಾಡಲು ಬರುವಂತೆ ತಯಾರಿಸಲು ಸಾಧ್ಯವಿಲ್ಲವೇ?

ಉತ್ತರ: ಸಾಧ್ಯವಿದೆ, ಆದರೆ ಆ ಪೊಟ್ಟಣ ಏಕೆ ಹಾಗಿದೆ ಎಂಬುದನ್ನು ಮೊದಲು ತಿಳಿಯಬೇಕು. ಕೂದಲೆಳೆಯಷ್ಟು ದಪ್ಪವಿರುವ ಆ ಹಾಳೆ ಒಂದು ವಸ್ತುವಲ್ಲ, ಹಲವು ವಸ್ತುಗಳ ಪದರಗಳನ್ನು ಅಂಟಿಸಿ ಮಾಡಿದ್ದು. ಹೊರಗಿನ ಪಾಲಿಯೆಸ್ಟರ್ ಪದರ ಮುದ್ರಣಕ್ಕೆ ಒಪ್ಪುತ್ತದೆ, ಬಿಸಿಯನ್ನು ತಡೆದುಕೊಳ್ಳುತ್ತದೆ; ನಡುವಿನ ಅಲ್ಯೂಮಿನಿಯಂ ಬೆಳಕು, ತೇವ, ಆಮ್ಲಜನಕ ಮೂರನ್ನೂ ತಡೆಯುತ್ತದೆ; ಒಳಗಿನ ಪಾಲಿಎಥಿಲೀನ್ ಕಡಿಮೆ ಶಾಖದಲ್ಲಿ ಕರಗಿ ಪೊಟ್ಟಣದ ಬಾಯನ್ನು ಮುಚ್ಚುತ್ತದೆ. ಎಣ್ಣೆಯಂಶವಿರುವ ತಿಂಡಿ ಮುಗ್ಗಲು ವಾಸನೆ ಹಿಡಿಯದೆ ತಿಂಗಳುಗಟ್ಟಲೆ ಉಳಿಯುವುದು ಈ ಪದರಗಳ ಕೂಡುಕೆಲಸದಿಂದ. ತೊಂದರೆ ಇರುವುದೂ ಅಲ್ಲಿಯೇ. ಪಾಲಿಯೆಸ್ಟರ್ ಕರಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಪಾಲಿಎಥಿಲೀನಿಗೆ ಅದರ ಅರ್ಧದಷ್ಟು ಸಾಕು. ಒಟ್ಟಿಗೆ ಕರಗಿಸಿದರೂ ಅವು ಒಂದರಲ್ಲೊಂದು ಬೆರೆಯುವುದಿಲ್ಲ, ಸಿಗುವುದು ಗಟ್ಟಿಯಿಲ್ಲದ, ಬೆಲೆಯಿಲ್ಲದ ಮುದ್ದೆ. ಗುಜರಿಯವರು ಮುಟ್ಟದಿರುವುದಕ್ಕೆ ಇದೇ ಕಾರಣ.

ಆದ್ದರಿಂದ ಈಗ ಪೊಟ್ಟಣ ತಯಾರಿಸುವವರು ಒಂದೇ ಜಾತಿಯ ಪ್ಲಾಸ್ಟಿಕ್ಕಿನಿಂದ ಇಡೀ ಹಾಳೆಯನ್ನು ಮಾಡುವ ಕಡೆಗೆ ಹೊರಳುತ್ತಿದ್ದಾರೆ. ಪಾಲಿಎಥಿಲೀನ್ ಹಾಳೆಯನ್ನು ತಯಾರಾಗುವಾಗಲೇ ಉದ್ದಕ್ಕೆ, ಅಥವಾ ಉದ್ದ ಅಗಲ ಎರಡಕ್ಕೂ ಎಳೆದು ಹಿಗ್ಗಿಸಿದರೆ ಅದರ ಅಣುಗಳು ಸಾಲುಗೂಡಿ, ಪಾಲಿಯೆಸ್ಟರಿನ ಬಿಗುವಿಗೆ ಹತ್ತಿರವಾದ ಬಿಗುವು ಬರುತ್ತದೆ. ಹೀಗೆ ಹಿಗ್ಗಿಸಿದ ಹಾಳೆಯನ್ನು ಹೊರಗೂ, ಹಿಗ್ಗಿಸದ ಹಾಳೆಯನ್ನು ಒಳಗೂ ಇಟ್ಟರೆ ಎರಡೂ ಪದರ ಒಂದೇ ಜಾತಿಯವಾಗುತ್ತವೆ. ಆಮ್ಲಜನಕವನ್ನು ತಡೆಯಲು ಇವಿಒಎಚ್ ಎಂಬ ಬೇರೊಂದು ಪ್ಲಾಸ್ಟಿಕ್ಕಿನ ತೀರ ತೆಳುವಾದ ಪದರವನ್ನು ಸೇರಿಸಬಹುದು. ಅದು ತೂಕದಲ್ಲಿ ಶೇ. 5ನ್ನು ಮೀರದಂತೆ ನೋಡಿಕೊಂಡರೆ ಮರುಬಳಕೆಗೆ ಹೆಚ್ಚು ತೊಡಕಾಗದು ಎಂಬುದು ವಿನ್ಯಾಸಕಾರರು ಸಾಮಾನ್ಯವಾಗಿ ಪಾಲಿಸುವ ಮಿತಿ. ಸಿಲಿಕಾನ್ ಅಥವಾ ಅಲ್ಯೂಮಿನಿಯಂ ಆಕ್ಸೈಡಿನ ಪಾರದರ್ಶಕ ಲೇಪನ ಇನ್ನೊಂದು ದಾರಿ. ಯಾವುದೂ ಸುಲಭವಲ್ಲ. ಇವಿಒಎಚ್ ತೇವ ಹೀರಿದರೆ ಆಮ್ಲಜನಕವನ್ನು ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಆಕ್ಸೈಡ್ ಲೇಪನ ಮಡಚಿದಲ್ಲಿ ಬಿರುಕುಬಿಡಬಹುದು. ಎರಡೂ ಪದರಗಳ ಕರಗುವ ಶಾಖ ಹತ್ತಿರವಿರುವುದರಿಂದ ಪೊಟ್ಟಣ ಮುಚ್ಚುವ ಯಂತ್ರದ ಶಾಖವನ್ನು ಬಹಳ ಎಚ್ಚರದಿಂದ ಹೊಂದಿಸಬೇಕಾಗುತ್ತದೆ, ಕೆಲವೊಮ್ಮೆ ಯಂತ್ರದ ವೇಗವನ್ನೇ ತಗ್ಗಿಸಬೇಕಾಗುತ್ತದೆ. ತಡೆಗುಣ ಕುಂದಿ ಒಳಗಿನ ಆಹಾರ ಕೆಟ್ಟರೆ ಅದನ್ನು ಬೆಳೆಯಲು ವ್ಯಯವಾದ ನೀರು, ಗೊಬ್ಬರ, ಇಂಧನವೆಲ್ಲ ವ್ಯರ್ಥವಾಗುತ್ತವೆ; ಆ ನಷ್ಟ ಸಾಮಾನ್ಯವಾಗಿ ಪೊಟ್ಟಣದಿಂದಾಗುವ ಹಾನಿಗಿಂತ ದೊಡ್ಡದು.

ಇಷ್ಟಾದ ಮೇಲೂ, ಮರುಬಳಕೆ ಮಾಡಬಹುದಾದ ಪೊಟ್ಟಣ ತಾನಾಗಿಯೇ ಮರುಬಳಕೆಯಾಗುವುದಿಲ್ಲ. 2017ರಲ್ಲಿ ಪ್ರಕಟವಾದ ಜಾಗತಿಕ ಲೆಕ್ಕಾಚಾರವೊಂದರ ಪ್ರಕಾರ, 2015ರವರೆಗೆ ಉಂಟಾದ ಪ್ಲಾಸ್ಟಿಕ್ ತ್ಯಾಜ್ಯದಲ್ಲಿ ಮರುಬಳಕೆಯಾದದ್ದು ಸುಮಾರು ಶೇ. 9 ಮಾತ್ರ. ಹಗುರವಾದ ಹಾಳೆ ವಿಂಗಡಣೆ ಯಂತ್ರಗಳ ಉರುಳೆಗಳಿಗೆ ಸುತ್ತಿಕೊಳ್ಳುತ್ತದೆ, ಒಂದು ಕಿಲೋ ಆಗಲು ನೂರಾರು ಪೊಟ್ಟಣಗಳನ್ನು ಹೆಕ್ಕಬೇಕಾಗುತ್ತದೆ. ಹೆಕ್ಕುವವರ ಶ್ರಮಕ್ಕೆ ತಕ್ಕ ಹಣವನ್ನು ತಯಾರಕರಿಂದಲೇ ವಸೂಲು ಮಾಡದ ಹೊರತು ಅತ್ಯುತ್ತಮ ವಿನ್ಯಾಸವೂ ಚರಂಡಿಯನ್ನೇ ಸೇರುತ್ತದೆ. ಅಲ್ಲದೆ, ಮರುಬಳಕೆ ಘಟಕಗಳಲ್ಲಿ ಪ್ಲಾಸ್ಟಿಕ್ಕನ್ನು ಕತ್ತರಿಸಿ ತೊಳೆಯುವಾಗ ಆ ನೀರಿಗೂ ಸೂಕ್ಷ್ಮ ಕಣಗಳು ಸೇರುತ್ತವೆ. ಒಳ್ಳೆಯ ಸೋಸುವ ವ್ಯವಸ್ಥೆ ಇಲ್ಲದ ಘಟಕ, ತಡೆಯಬೇಕಾದ ಮಾಲಿನ್ಯಕ್ಕೆ ತಾನೇ ಮೂಲವಾಗುತ್ತದೆ. ಈ ಕೊನೆಯ ಅಂಶಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಪ್ರಶ್ನೆ: ಜೋಳದ ಪಿಷ್ಟದಿಂದ ಮಾಡಿದ, ತಾನಾಗಿ ಕೊಳೆಯುವ ಚೀಲಗಳು ಬಂದಿವೆಯಲ್ಲ? ಎಲ್ಲವನ್ನೂ ಅದರಿಂದಲೇ ಮಾಡಿದರೆ ಸಮಸ್ಯೆ ತೀರುವುದಿಲ್ಲವೇ?

ಉತ್ತರ: ಗಿಡದಿಂದ ಬಂದದ್ದೆಲ್ಲ ಮಣ್ಣಿನಲ್ಲಿ ಕೊಳೆಯುತ್ತದೆ ಎಂಬ ನಂಬಿಕೆ ತಪ್ಪು. ಜೋಳ ಅಥವಾ ಕಬ್ಬಿನ ಸಕ್ಕರೆಯಿಂದ ತಯಾರಾಗುವ ಪಿಎಲ್‌ಎ ಎಂಬ ಪ್ಲಾಸ್ಟಿಕ್, 60 ಡಿಗ್ರಿಯ ಆಸುಪಾಸಿನ ಶಾಖವಿರುವ, ಹಸಿ ಕಸವನ್ನು ಗೊಬ್ಬರವಾಗಿಸುವ ದೊಡ್ಡ ಘಟಕದಲ್ಲಿ ಕೆಲವೇ ತಿಂಗಳಲ್ಲಿ ಕೊಳೆಯುತ್ತದೆ. ತಣ್ಣನೆಯ ಸಮುದ್ರದ ನೀರಿನಲ್ಲಿ ಬಹುಕಾಲ ಹಾಗೆಯೇ ಉಳಿಯುತ್ತದೆ. ಯುರೋಪಿನ ಇಎನ್ 13432 ಮಾನದಂಡ 6 ತಿಂಗಳೊಳಗೆ ಶೇ. 90ರಷ್ಟು ಜೈವಿಕ ವಿಘಟನೆಯನ್ನು ಬಯಸುವುದೂ ಗೊಬ್ಬರ ಘಟಕಗಳನ್ನು ಉದ್ದೇಶಿಸಿಯೇ, ಹೊಲದ ಬದುವನ್ನಲ್ಲ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದವರು ಹಲವು ಬಗೆಯ ಚೀಲಗಳನ್ನು ಮಣ್ಣಿನಲ್ಲಿ, ಸಮುದ್ರದಲ್ಲಿ, ತೆರೆದ ಗಾಳಿಯಲ್ಲಿ ಮೂರು ವರ್ಷ ಇಟ್ಟು 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಗೊಬ್ಬರವಾಗಬಲ್ಲ ಚೀಲ ಸಮುದ್ರದಲ್ಲಿ ಮೂರು ತಿಂಗಳಲ್ಲಿ ಕಾಣದಾಯಿತು, ಆದರೆ ಮಣ್ಣಿನಲ್ಲಿ 27 ತಿಂಗಳ ಬಳಿಕವೂ ಇತ್ತು. ಜೈವಿಕವಾಗಿ ಕೊಳೆಯುತ್ತದೆ ಎಂದು ಹೇಳಿಕೊಂಡ ಇನ್ನೊಂದು ಚೀಲ ಮಣ್ಣಿನಲ್ಲಿಯೂ ಸಮುದ್ರದಲ್ಲಿಯೂ ಮೂರು ವರ್ಷ ಇದ್ದ ಮೇಲೂ ಸಾಮಾನು ಹೊರುವಷ್ಟು ಗಟ್ಟಿಯಾಗಿತ್ತು. ಸಾಮಾನ್ಯ ಪ್ಲಾಸ್ಟಿಕ್ಕಿಗೆ ಲೋಹದ ಲವಣ ಬೆರೆಸಿ ಬೇಗ ಚೂರಾಗುವಂತೆ ಮಾಡಿದ ಚೀಲಗಳಂತೂ ಸೂಕ್ಷ್ಮ ಪ್ಲಾಸ್ಟಿಕ್ಕನ್ನು ಬೇಗ ಉತ್ಪಾದಿಸುವ ಸಾಧನಗಳು. ಯುರೋಪಿನ ಒಕ್ಕೂಟ 2021ರ ಜುಲೈಯಿಂದ ಅವುಗಳನ್ನು ಮಾರುಕಟ್ಟೆಗೆ ಬಿಡುವುದನ್ನು ನಿಷೇಧಿಸಿದ್ದು ಸರಿಯಾದ ಕ್ರಮ. ಆಹಾರದ ಶೇಷ ಅಂಟಿಕೊಂಡು ಹೇಗೂ ಗೊಬ್ಬರ ಘಟಕಕ್ಕೆ ಹೋಗುವ ಹಸಿ ಕಸದ ಚೀಲಕ್ಕೆ ಕೊಳೆಯುವ ಪ್ಲಾಸ್ಟಿಕ್ ಸೂಕ್ತ. ಉಳಿದೆಡೆ ಅದು ಮರುಬಳಕೆಯ ರಾಶಿಗೆ ಬೆರೆತು ಅದನ್ನೂ ಕೆಡಿಸುತ್ತದೆ.

ಪ್ರಶ್ನೆ: ಹಾಗಾದರೆ ಕಾಗದದ ಪೊಟ್ಟಣ?

ಉತ್ತರ: ಒಣ ಪದಾರ್ಥವನ್ನು ಸ್ವಲ್ಪ ದಿನಕ್ಕೆ ಕಟ್ಟಿಕೊಡಲು ಬರಿಯ ಕಾಗದ ಒಳ್ಳೆಯದು. ತೇವ, ಜಿಡ್ಡು, ಗಾಳಿಯನ್ನು ತಡೆಯಬೇಕಾದಾಗ ಕಾಗದಕ್ಕೆ ಬಹುಮಟ್ಟಿಗೆ ಪ್ಲಾಸ್ಟಿಕ್ ಲೇಪನವನ್ನೇ ಬಳಿಯುತ್ತಾರೆ. ಮೂಲೆಯನ್ನು ಹರಿದು ನೋಡಿದಾಗ ನಾರಿನ ಜೊತೆಗೆ ತೆಳು ಪೊರೆ ಎಳೆದುಕೊಂಡು ಬಂದರೆ, ಅದೂ ಪದರಗಳ ಪೊಟ್ಟಣವೇ.

ಪ್ರಶ್ನೆ: ಪೊಟ್ಟಣವನ್ನು ಕತ್ತರಿಸುವಾಗಲೂ ಕಣಗಳು ಉದುರುತ್ತವೆಯೇ?

ಉತ್ತರ: ಉದುರುತ್ತವೆ, ಕತ್ತರಿ, ಚಾಕು, ಕೈ ಯಾವುದರಿಂದ ತೆರೆದರೂ ಕಣಗಳು ಹೊರಬೀಳುವುದನ್ನು 2020ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ. ನನ್ನ ಹೆಚ್ಚಿನ ಚಿಂತೆ ಕತ್ತರಿಸಿ ಬಿಸಾಡುವ ಮೂಲೆಯ ಚೂರಿನ ಬಗ್ಗೆ. ಅದು ಹೆಕ್ಕುವವರ ಕಣ್ಣಿಗೂ ವಿಂಗಡಣೆ ಯಂತ್ರಕ್ಕೂ ಸಿಗದಷ್ಟು ಚಿಕ್ಕದು, ಬೇಗ ಸೂಕ್ಷ್ಮ ಕಣಗಳಾಗುವಷ್ಟು ತೆಳುವಾದದ್ದು. ಬಾಟಲಿಯ ಮುಚ್ಚಳ ಬಾಟಲಿಗೇ ಅಂಟಿಕೊಂಡಿರಬೇಕೆಂಬ ನಿಯಮ ಯುರೋಪಿನ ಒಕ್ಕೂಟದಲ್ಲಿ 2024ರ ಜುಲೈಯಿಂದ ಜಾರಿಯಲ್ಲಿದೆ. ಪೊಟ್ಟಣದ ಮೂಲೆಗೂ ಅಂತಹದೇ ನಿಯಮ ಬೇಕು, ಹರಿಯುವ ಗೆರೆ ಅಂಚಿನವರೆಗೆ ಹೋಗದಂತೆ ಮಾಡಿದರೆ ಚೂರು ಪೊಟ್ಟಣದಲ್ಲಿಯೇ ಉಳಿಯುತ್ತದೆ. ಅಲ್ಲಿಯವರೆಗೆ ಮೂಲೆಯನ್ನು ಪೂರ್ತಿ ಕತ್ತರಿಸದೆ ಅರ್ಧಕ್ಕೆ ನಿಲ್ಲಿಸಿ, ಖಾಲಿಯಾದ ಪೊಟ್ಟಣವನ್ನು ಇಡಿಯಾಗಿ ಒಣ ಕಸಕ್ಕೆ ಹಾಕಿರಿ.