ಮುಖ ಗುರುತು ಹತ್ತಲಿಲ್ಲ ಅಂತ 'ನಮ್ಮೋರಲ್ಲ' ಅಂತ ಬರಕೊಡಬ್ಯಾಡ್ರಿ

ಪ್ರಶ್ನೆ: ಸರ್, ನಮ್ಮ ಅಪ್ಪಾಜಿ ಹೊಲಕ್ಕ ಹೋದೋರು ಮನಿಗೆ ಬರ್ಲೇ ಇಲ್ಲ, ಮಿಸ್ಸಿಂಗ್ ಕಂಪ್ಲೇಂಟ್ ಕೊಟ್ಟೀವಿ. ಈಗ ಸಿಂಧನೂರು ಕಡೆ ಎಡದಂಡೆ ಕಾಲುವ್ಯಾಗ ಒಂದು ಹೆಣ ಸಿಕ್ಕೈತಿ ಬರ್ರಿ ಅಂತ ಕರೆದ್ರು, ಹೋಗಿ ನೋಡಿದ್ರ ಮುಖ ಪೂರಾ ಊದೈತಿ, ಅವ್ವ ಇವರಲ್ಲ ಅಂತಾಳ, ಕಾಕಾ ಇವನ ನಮ್ಮಣ್ಣ ಅಂತಾನ. ಸಹಿ ಮಾಡೋದಾ ಬ್ಯಾಡಾ? ಇಂಗ್ಲಿಷ್ ಸೀರಿಯಲ್‌ನಾಗ ಕರೋನರ್ ಅಂತ ಇರ್ತಾರಲ್ಲ, ನಮ್ಮಲ್ಲಿ ಇದನ್ನ ನೋಡೋರು ಯಾರು?
— ಹೆಸರು ಬ್ಯಾಡ, ಕಾರಟಗಿ

ಉತ್ತರ: ತಮ್ಮಾ, ಅವ್ವನ್ನಾಗ್ಲಿ ಕಾಕಾನ್ನಾಗ್ಲಿ ಯಾರೂ ಒತ್ತಾಯ ಮಾಡಬ್ಯಾಡ್ರಿ, ನಾಕೈದು ದಿನ ನೀರಾಗಿದ್ದ ಮುಖ ಹೆತ್ತ ತಾಯಿಗೂ ಗುರುತು ಹತ್ತಂಗಿಲ್ಲ.

ಅನುಮಾನದ ಸಾವಿನ ವಿಚಾರಣೆ ಮಾಡೋ ಕರೋನರ್ ಅನ್ನೋ ಅಧಿಕಾರಿ ನಮ್ಮಲ್ಲಿಲ್ಲ, ಮುಂಬೈಯಾಗ ಇದ್ದ ಆ ಹುದ್ದೆನೂ 1999ರಾಗ ತೆಗೆದ್ರು. ಹೆಣ ಸಿಕ್ಕ ಜಾಗ ಯಾವ ಸ್ಟೇಷನ್ನಿಗೆ ಬರ್ತೈತೋ ಅಲ್ಲಿಯೋರು ಯುಡಿಆರ್ (ಅಸಹಜ ಸಾವಿನ ವರದಿ) ಹಾಕಿ, ಆ ಕಡೆ ಊರಿನ ಇಬ್ಬರು ಪಂಚರ ಮುಂದ ಶವ ಪಂಚನಾಮೆ ಮಾಡಿ ಪೋಸ್ಟ್‌ಮಾರ್ಟಂಗೆ ಕಳಸ್ತಾರ, ಇದಕ್ಕಿರೋ ಕಲಂ ಮೊದಲು ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 174 ಅಂತಿದ್ದದ್ದು 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 194 ಆಗೈತಿ. ನಿಮ್ಮ ಕಂಪ್ಲೇಂಟ್ ಕೊಪ್ಪಳ ಜಿಲ್ಲಾದಾಗ, ಹೆಣ ಸಿಕ್ಕಿದ್ದು ರಾಯಚೂರು ಜಿಲ್ಲಾದಾಗ, ಹಂಗಾಗಿ ಮಿಸ್ಸಿಂಗ್ ಕೇಸಿನ ನಂಬರು, ಯುಡಿಆರ್ ನಂಬರು ಎರಡೂ ಒಂದ ಅರ್ಜಿಯಾಗ ಬರೆದು ಎರಡೂ ಸ್ಟೇಷನ್ನಿಗೆ ಕೊಟ್ಟು ಸ್ವೀಕೃತಿ ಇಸ್ಕೊಳ್ರಿ.

ಮುಖ ಬಿಟ್ಟು ಬ್ಯಾರೆ ನೋಡೋದು ಭಾಳ ಐತಿ. ನೀರಾಗ ನೆನೆದ ಹೆಣದ ಮ್ಯಾಲಿನ ಚರ್ಮ ಕೈಗವಸಿನಂಗ ಕಳಚಿ ಬರ್ತೈತಿ, ಅದು ಹಾಳಾತು ಅಂತ ಅನ್ಕೋಬ್ಯಾಡ್ರಿ, ಆ ಚರ್ಮದಿಂದನ ಬೆರಳಚ್ಚು ತೆಗೀಬಹುದು, ಅಪ್ಪಾಜಿ ಕೈಮ್ಯಾಲೆ ಹಚ್ಚಿ ಇದ್ರ ಅದರ ಬಣ್ಣ ಒಳಪದರಿನಾಗ ಇರ್ತೈತಿ, ಮ್ಯಾಲಿನದು ಹೋದ ಮ್ಯಾಲೂ ಕಾಣ್ತೈತಿ. ಹಲ್ಲು ಕಟ್ಟಿಸಿದ್ದು, ಎಲುಬು ಮುರಿದಾಗ ರಾಡ್ ಹಾಕಿಸಿದ್ದು, ಆಪರೇಷನ್ ಗಾಯ, ಉಡದಾರ, ಅಂಗಿ ಕಾಲರಿನಾಗಿನ ಟೇಲರ್ ಪಟ್ಟಿ, ಎಲ್ಲಾ ಡಾಕ್ಟರಿಗೂ ಹೇಳ್ರಿ, ಹಳೇ ಎಕ್ಸ್‌ರೇ ಇದ್ರ ಒಯ್ಯಿರಿ. ಆಧಾರಿನ ಬೆರಳಚ್ಚು ತಾಳೆ ನೋಡಬಹುದಲ್ಲ ಅಂತ ಭಾಳ ಮಂದಿ ಕೇಳ್ತಾರ, 2016ರ ಆಧಾರ್ ಕಾಯ್ದೆ ಅದನ್ನ ಕೊಡಾಕ ಬಿಡಂಗಿಲ್ಲ.

ಸಹಿ ವಿಷಯಕ್ಕ ಬಂದ್ರ, ಹೌದು ಅಂತಾನೂ ಅಲ್ಲ ಅಂತಾನೂ ಬರೆಯಬ್ಯಾಡ್ರಿ, "ಖಾತ್ರಿ ಇಲ್ಲ, ಡಿಎನ್‌ಎ ಪರೀಕ್ಷೆ ಮಾಡಿಸ್ರಿ" ಅಂತ ಹೇಳಿಕೆಯಾಗ ಬರೆಸಿ, ಓದಿ, ಆಮ್ಯಾಲೆ ಸಹಿ ಮಾಡ್ರಿ. ಪೋಸ್ಟ್‌ಮಾರ್ಟಂ ಟೈಮಿಗೆ ಹಲ್ಲು, ಎಲುಬು ತೆಗೆದಿಡ್ರಿ ಅಂತ ಕೇಳ್ರಿ, ನಿಮ್ಮ ರಕ್ತ ಕೊಡ್ರಿ, ಅಪ್ಪಾಜಿನ್ನ ಹೆತ್ತ ಅಜ್ಜಿ ಇದ್ರ ಅವರದ್ದೂ ಕೊಡಿಸ್ರಿ. ಅವ್ವನ ರಕ್ತ ಒಂದರಿಂದ ಗುರುತು ಸಿಗಂಗಿಲ್ಲ. ನಮ್ಮ ಕಡೆ ಸೋದರಮಾವನ್ನ ಮದುವಿ ಆಗೋ ಮನಿತನ ಭಾಳ ಅದಾವ, ನಿಮ್ಮಲ್ಲೂ ಹಂಗ ಆಗಿದ್ರ ಮುಚ್ಚಿಡದ ಹೇಳಿಬಿಡ್ರಿ, ಲ್ಯಾಬಿನೋರು ಲೆಕ್ಕಾ ಹಾಕುವಾಗ ಅದು ಬೇಕಾಗ್ತೈತಿ. ವರದಿ ಬರಾಕ ತಡ ಆಗ್ತೈತಿ. ಅಷ್ಟರಾಗ ಮಣ್ಣು ಮಾಡಬೇಕಾಗಿ ಬಂದ್ರ ಸುಡಾಕ ಒಪ್ಪಬ್ಯಾಡ್ರಿ, ಹೂಳಸ್ರಿ, ಹೂತ ಜಾಗದ ಗುರುತು ಬರಕೊಂಡು ಇಟ್ಕೊಳ್ರಿ.

ಅಪ್ಪಾಜಿನೇ ಅಂತ ವರದಿ ಬಂದ್ರ ಮರಣ ಪತ್ರ ಕಾರಟಗಿಯಾಗಲ್ಲ, ಸಾವು ನೋಂದಣಿ ಆಗೋ ಸಿಂಧನೂರು ಕಡೆನೇ ಸಿಗ್ತೈತಿ, ವರದಿ ಮತ್ತ ಯುಡಿಆರ್ ಕಾಪಿ ಜೋಡಿಸಿ ಕೇಳ್ರಿ. ಅಲ್ಲ ಅಂತ ಬಂದ್ರ ನಿಮ್ಮ ಮಿಸ್ಸಿಂಗ್ ಕೇಸು ಹಂಗ ನಡೀಬೇಕು, ಕ್ಲೋಸ್ ಮಾಡ್ತೀವಿ ಅಂತ ಯಾರಾದ್ರೂ ಸಹಿ ಕೇಳಿದ್ರ ಕೊಡಬ್ಯಾಡ್ರಿ.